ಕುಪವಾಡದ ಮನೆಯಲ್ಲಿ ಕಂಡ ಅರೆಗನ್ನಡ

ಸಾಂಗಲಿ ಮತ್ತು ಮಿರಜಗಳ ಪಕ್ಕದಲ್ಲೇ ಕುಪವಾಡವಿದೆ. 1998ರಿಂದ ಈ ಮೂರೂ ಊರುಗಳಿಗೆ ಒಂದೇ ಮಹಾನಗರಪಾಲಿಕೆ. ಅಲ್ಲಿಯ ಕೈಗಾರಿಕಾ ವಸಾಹತಿನ ಎರಕದ ಕಾರ್ಖಾನೆಯೊಂದರಲ್ಲಿ ನಮ್ಮ ಬಂಧುಗಳೊಬ್ಬರು ಕೆಲಸಕ್ಕಿದ್ದಾರೆ. ಕಳೆದ ಬೇಸಗೆಯಲ್ಲಿ ಅವರಲ್ಲಿಗೆ ಹೋಗಿ ನಾಲ್ಕು ದಿನ ಉಳಿದಿದ್ದೆವು. ಬೀದಿಯಲ್ಲಿ ಮರಾಠಿ, ಮನೆಯೊಳಗೆ ಕನ್ನಡ. ನೆರೆಮನೆಯವರು ಜತ್ತ ತಾಲೂಕಿನವರಾದ ಕಾರಣ ಜಗಲಿಯಲ್ಲಿ ಇನ್ನೊಂದು ಬಗೆಯ ಕನ್ನಡ. ಕಾಸರಗೋಡಿನವರಿಗೆ ಇಂಥ ಬಾಳುವೆ ಹೊಸತಲ್ಲ. 1967ರ ಮಹಾಜನ ವರದಿಯಲ್ಲಿ ನಮ್ಮ ನಾಡಿನ ಹೆಸರೂ ಜತ್ತದ ಹಳ್ಳಿಗಳ ಹೆಸರೂ ಬಂದಿದ್ದುದು ಹಿರಿಯರಿಗೆ ನೆನಪಿದ್ದೀತು.

ಆ ಮನೆಯ ಮಗಳು ಎಂಟನೆಯ ತರಗತಿಯವಳು. ಅಜ್ಜಿಗೆ ಎಂಬತ್ತು ತುಂಬುವ ಸಮಾರಂಭಕ್ಕೆ ಕನ್ನಡದಲ್ಲಿ ಆಮಂತ್ರಣ ಪತ್ರಿಕೆ ತಯಾರಿಸಲು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶವನ್ನು ಕನ್ನಡದಲ್ಲಿಯೇ ತೆರೆದಿದ್ದಳು. ಮೇಲಿನ ಸಾಲಿನಲ್ಲಿ ‘ಕಡತ’ ಎಂದಿತ್ತು, ಅದರ ಕೆಳಗೆ ‘ಮುದ್ರಿಸು’ ಎಂದಿತ್ತು. ಎರಡು ಹೆಜ್ಜೆ ಒಳಗೆ ಹೋದರೆ ಬರೇ ಇಂಗ್ಲಿಷ್.

“ದೊಡ್ಡಪ್ಪಾ, ಇದೆಂತ ಅರ್ಧ ಕನ್ನಡ, ಅರ್ಧ ಇಂಗ್ಲಿಷ್? ಕೆಲಸ ಅರ್ಧಕ್ಕೆ ಬಿಟ್ಟು ಹೋದ್ದು ಯಾರು?” ಎಂದು ಕೇಳಿದಳು.

ನಮಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಊರಿಗೆ ಮರಳಿ ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಉತ್ತರ ಅವಳೊಬ್ಬಳಿಗೆ ಬೇಕಾದುದಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ಕಲಿಯುವುದೂ ಇದೇ ಲಿಬ್ರೆ ಆಫೀಸನ್ನು.

ಒಡೆಯನಿಲ್ಲದ ಮನೆ

ಈ ತಂತ್ರಾಂಶ ಒಂದು ಕಂಪೆನಿಯ ಸೊತ್ತಲ್ಲ. 2010ರ ಸೆಪ್ಟೆಂಬರಿನಲ್ಲಿ, ಓಪನ್ ಆಫೀಸ್ ಎಂಬ ಹಳೆಯ ಯೋಜನೆಯಿಂದ ಹೊರಬಂದ ಒಂದು ಬಳಗ ಇದನ್ನು ಆರಂಭಿಸಿತು. ಸಂಬಳಕ್ಕೆ ದುಡಿಯುವವರೂ ಬಿಡುವಿನಲ್ಲಿ ಸೇವೆ ಮಾಡುವವರೂ ಸೇರಿ ಅದನ್ನು ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಕನ್ನಡದ ಮಾತುಗಳನ್ನು ತುಂಬಿದವರೂ ಇಂಥವರೇ. ಆದುದರಿಂದ “ಬಿಟ್ಟು ಹೋದ್ದು ಯಾರು” ಎಂಬ ಪ್ರಶ್ನೆಗೆ ಒಬ್ಬರತ್ತ ಬೊಟ್ಟು ಮಾಡುವಂತಿಲ್ಲ.

ಹೀಗಿದ್ದರೂ ಕೆಲಸ ಅಂಕೆ ತಪ್ಪಿ ನಡೆಯುವುದಿಲ್ಲ. ಮುಂದಿನ ಬಿಡುಗಡೆ ಯಾವಾಗ, ಅದರಲ್ಲಿ ಏನಿರಬೇಕು ಎಂಬುದನ್ನು ಮೊದಲೇ ಗೊತ್ತುಮಾಡುತ್ತಾರೆ. ಆ ವೇಳಾಪಟ್ಟಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ.

ಗೊತ್ತುಮಾಡುವುದರಲ್ಲಿ ಎರಡು ಬಗೆಗಳಿವೆ. ಒಂದು, ನಮ್ಮ ಪತ್ರಿಕೆಯ ಬಗೆ. ಬೆಳಗಾಗುವಾಗ ಪತ್ರಿಕೆ ಮನೆಬಾಗಿಲಿಗೆ ಬರಲೇಬೇಕು. ಹೊತ್ತಿಗೆ ಒದಗದ ಸುದ್ದಿ ನಾಳೆಗೆ. ಲಿಬ್ರೆ ಆಫೀಸ್ ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ, ಹೀಗೆ ಹೊರಡುತ್ತದೆ. 2024ರಿಂದ ಅದರ ಆವೃತ್ತಿಗಳಿಗೆ 24.2, 24.8 ಎಂದು ವರ್ಷ ಹಾಗೂ ತಿಂಗಳಿನ ಅಂಕೆಯನ್ನೇ ಇಡುತ್ತಿದ್ದಾರೆ. ಇನ್ನೊಂದು, ನಮ್ಮ ಬಂಧುಗಳ ಎರಕದ ಮನೆಯ ಬಗೆ. ಲೋಹ ಆರದೆ ಅಚ್ಚು ಒಡೆಯುವಂತಿಲ್ಲ. 1993ರಲ್ಲಿ ಆರಂಭವಾದ ಡೆಬಿಯನ್ ಬಳಗದವರು ದೊಡ್ಡ ದೋಷಗಳು ತೀರಿದ ಮೇಲೆಯೇ ಬಿಡುಗಡೆ ಮಾಡುತ್ತಾರೆ. ದಿನ ಗೊತ್ತುಮಾಡಿದವರೂ ಒಮ್ಮೊಮ್ಮೆ ಕಾಯುವುದುಂಟು. 2006ರ ಎಪ್ರಿಲಿನಲ್ಲಿ ಬರಬೇಕಾಗಿದ್ದ ಉಬುಂಟು ಆವೃತ್ತಿ, ಇನ್ನಷ್ಟು ಹದಗೊಳ್ಳಲಿ ಎಂದು ಜೂನ್‌ಗೆ ಹೋಯಿತು.

ಮಾತು ಗಟ್ಟಿಯಾಗುವ ದಿನ

ಈ ವೇಳಾಪಟ್ಟಿಯಲ್ಲಿ ನಮ್ಮಂಥವರಿಗೆ ಮುಖ್ಯವಾದ ದಿನ ಬಿಡುಗಡೆಯ ದಿನವಲ್ಲ. ಅದಕ್ಕೆ ಕೆಲವು ವಾರ ಮೊದಲು ಬರುವ ಇನ್ನೊಂದು ದಿನ. ಮೊದಲು ಹೊಸ ಸೌಕರ್ಯಗಳನ್ನು ಸೇರಿಸುವುದು ನಿಲ್ಲುತ್ತದೆ. ಬಳಿಕ ತೆರೆಯ ಮೇಲೆ ಕಾಣುವ ಇಂಗ್ಲಿಷ್ ಮಾತುಗಳನ್ನು ಬದಲಾಯಿಸುವುದೂ ನಿಲ್ಲುತ್ತದೆ. ಇದು ಅನುವಾದಕರ ಅನುಕೂಲಕ್ಕಾಗಿ ಮಾಡಿಕೊಂಡ ಕಟ್ಟುಪಾಡು. ಮೂಲ ಬರಹ ಗಟ್ಟಿಯಾಗದೆ ಅನುವಾದ ಮಾಡಿದರೆ ಬೆಳಗ್ಗೆ ಬರೆದುದನ್ನು ಸಂಜೆ ಅಳಿಸಬೇಕಾದೀತು. ಆ ದಿನಕ್ಕೂ ಬಿಡುಗಡೆಗೂ ನಡುವಿನ ವಾರಗಳೇ ಕನ್ನಡದ ಕೆಲಸಕ್ಕೆ ಹದವಾದ ಕಾಲ. ಫೆಬ್ರವರಿಯ ಬಿಡುಗಡೆಗೆ ಇದು ಡಿಸೆಂಬರ್ ಹೊತ್ತಿಗೆ ಆರಂಭವಾಗುತ್ತದೆ.

ಆ ವಾರಗಳಲ್ಲಿ ಯಾರೂ ಕೈಹಾಕದಿದ್ದರೆ ಕನ್ನಡ ಇದ್ದಲ್ಲಿಯೇ ಉಳಿಯುತ್ತದೆಂದು ತಿಳಿಯಬೇಡಿ. ಪ್ರತಿ ಬಿಡುಗಡೆಯಲ್ಲೂ ಹೊಸ ಇಂಗ್ಲಿಷ್ ಮಾತುಗಳು ಬರುತ್ತವೆ, ಹಳೆಯವು ಬದಲಾಗುತ್ತವೆ. ಒಂದು ಕಾಲಕ್ಕೆ ತುಂಬಿದ್ದ ಅನುವಾದವೂ ಸುಮ್ಮನೆ ಕುಳಿತಲ್ಲೇ ಹಿಂದೆ ಬೀಳುತ್ತದೆ. ಹುಡುಗಿ ಕಂಡ ಅರೆಗನ್ನಡದ ಗುಟ್ಟು ಇದು.

ಶಾಲೆಯ ಪಾಲಿಗೆ ಬರುವ ಬಿಡುಗಡೆ

ಇಷ್ಟರಲ್ಲೂ ಎಲ್ಲ ಬಿಡುಗಡೆಗಳ ತೂಕ ಒಂದೇ ಅಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ ವ್ಯವಸ್ಥೆ ಉಬುಂಟುವನ್ನು ಆಧರಿಸಿದುದು. ಉಬುಂಟುವಿನ ದೀರ್ಘ ಬಾಳಿಕೆಯ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಎಪ್ರಿಲಿನಲ್ಲಿ ಬರುತ್ತದೆ. ಆಗ ಕೈಗೆ ಸಿಗುವುದು ಅದೇ ವರ್ಷದ ಆರಂಭದಲ್ಲಿ ಬಂದ ಲಿಬ್ರೆ ಆಫೀಸ್. ಉಬುಂಟು 22.04ರೊಂದಿಗೆ ಬಂದುದು 2022ರ ಫೆಬ್ರವರಿಯ 7.3 ಆವೃತ್ತಿ, 24.04ರೊಂದಿಗೆ ಬಂದುದು 24.2. ಒಮ್ಮೆ ಶಾಲೆಯ ಯಂತ್ರದೊಳಗೆ ಸೇರಿದ ಆವೃತ್ತಿ ಸಾಮಾನ್ಯವಾಗಿ ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ.

ಅರ್ಥ ಸ್ಪಷ್ಟ. ಬೆಸಸಂಖ್ಯೆಯ ವರ್ಷದ ಡಿಸೆಂಬರಿನಲ್ಲಿ ಮತ್ತು ಅದರ ಮರುತಿಂಗಳು ತಪ್ಪಿಹೋದ ಕನ್ನಡದ ಮಾತು, ಐದನೆಯ ತರಗತಿಯ ಮಗುವಿಗೆ ಏಳು ಮುಗಿದರೂ ಸಿಗದೆ ಹೋಗಬಹುದು. ಲಿಬ್ರೆ ಆಫೀಸಿನ ಸಣ್ಣ ತಿದ್ದುಪಡಿ ಬಿಡುಗಡೆಗಳಲ್ಲಿ ಹೊಸ ಅನುವಾದಕ್ಕೂ ಎಡೆಯುಂಟು. ಆದರೆ ಅವು ಶಾಲೆಯ ಯಂತ್ರದವರೆಗೆ ಬಂದೇ ಬರುತ್ತವೆಂಬ ಭರವಸೆಯಿಲ್ಲ. ಪಠ್ಯಪುಸ್ತಕ ತಡವಾದರೆ ನಾವು ಮನವಿ ಬರೆಯುತ್ತೇವೆ, ಸಭೆ ಸೇರುತ್ತೇವೆ. ಇಲ್ಲಿ ಮನವಿ ತೆಗೆದುಕೊಳ್ಳುವ ಅಧಿಕಾರಿಯಿಲ್ಲ. ಕೆಲಸ ಮಾಡಬೇಡಿ ಎಂದು ತಡೆಯುವವನೂ ಇಲ್ಲ.

ನೆರೆಯವರು ಮಾಡಿದ್ದು

ನಮ್ಮ ನೆರೆಯ ಮಲಯಾಳಿಗಳನ್ನು ನೋಡೋಣ. ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಬಳಗ ಎರಡು ದಶಕಕ್ಕೂ ಮಿಕ್ಕಿ ಕಾಲದಿಂದ ತಮ್ಮ ಲಿಪಿಯ ಕೆಲಸವನ್ನು ತಾವೇ ಮಾಡಿಕೊಂಡು ಬಂದಿದೆ. 2016ರಲ್ಲಿ ಮಂಜರಿ ಎಂಬ ಅಕ್ಷರಮಾದರಿಯನ್ನು ಹೊರತಂದ ಮೇಲೂ ತಿದ್ದುತ್ತ ಮತ್ತೆ ಮತ್ತೆ ಬಿಡುಗಡೆ ಮಾಡಿದರು. ಕನ್ನಡದಲ್ಲಿ ಇಂಥ ಕೈಗಳೇ ಇಲ್ಲವೆಂದಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಮಾದರಿಗಳು ಬಂದಿವೆ. ಕೊರತೆಯಿರುವುದು ತಿಂಗಳು ತಿಂಗಳು ಕುಳಿತು ಮಾಡುವ ಬಳಗಕ್ಕೆ.

ಈ ಕೆಲಸಕ್ಕೆ ತಂತ್ರಜ್ಞರೇ ಆಗಬೇಕೆಂದಿಲ್ಲ. ಬೇಕಾದುದು ಒಳ್ಳೆಯ ಕನ್ನಡ, ತಕ್ಕಷ್ಟು ಇಂಗ್ಲಿಷ್, ವಾರಕ್ಕೆ ಒಂದೆರಡು ಗಂಟೆ. ನಿವೃತ್ತ ಅಧ್ಯಾಪಕರು ನಮ್ಮಲ್ಲಿ ಕಡಿಮೆಯೇ? ಒಬ್ಬೊಬ್ಬರು ಒಂದೊಂದು ಪಟ್ಟಿಯನ್ನು ಹಿಡಿದರಾಯಿತು. ಆದರೆ ಪದಗಳನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಬ್ಬರು ‘ಉಳಿಸು’, ಇನ್ನೊಬ್ಬರು ‘ಕಾಪಿಡು’ ಎಂದು ಬರೆದರೆ ಮಗು ಎರಡೂ ಬೇರೆಯೆಂದು ತಿಳಿದೀತು. ಬೆಂಗಳೂರಿನವರಿಗೂ ಜತ್ತದವರಿಗೂ ನಮಗೂ ಒಟ್ಟಿಗೆ ಅರ್ಥವಾಗುವ ಮಾತನ್ನು ಆರಿಸಬೇಕಾದರೆ ಗಡಿಯ ಕನ್ನಡಿಗರೂ ಆ ಚಾವಡಿಯಲ್ಲಿ ಕುಳಿತಿರಬೇಕು.

ಕುಪವಾಡದ ಹುಡುಗಿಗೆ ಇದನ್ನೆಲ್ಲ ಪತ್ರದಲ್ಲಿ ಬರೆದೆವು. ಮರುವಾರ ಅವಳ ಅಪ್ಪನಿಂದ ಫೋನ್ ಬಂತು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಕಂಡ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾಳಂತೆ. ಎದುರು ಸಾಲಿಗೆ ಕನ್ನಡ ಬರೆಯಲು ಅಜ್ಜಿಯನ್ನೂ ನೆರೆಮನೆಯವರನ್ನೂ ಕೂರಿಸಿಕೊಂಡಿದ್ದಾಳಂತೆ. ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಮೇಲೆ ಒಂದು ಗುರುತೂ ಹಾಕಿಟ್ಟಿದ್ದಾಳೆ. ನಮ್ಮ ಮನೆಗಳ ಕ್ಯಾಲೆಂಡರಿನಲ್ಲೂ ಆ ಗುರುತಿಗೆ ಜಾಗವಿದೆ.