ಯಾರ ಮನೆಯ ಎಸ್‌ವಿಸಿಹೋಸ್ಟ್?

ಕಡೂರು ತಾಲ್ಲೂಕಿನ ಹೋಬಳಿಗಳಲ್ಲಿ ಹಿರೇನಲ್ಲೂರೂ ಒಂದು. ಸುತ್ತಲಿನ ಹಳ್ಳಿಯವರಿಗೆ ಸಾಲಕ್ಕೆ ಪಹಣಿ ಬೇಕಾದರೂ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕಾದರೂ ಯಾವುದೋ ಒಂದು ಕಂಪ್ಯೂಟರಿನ ಮುಂದೆ ಸರದಿ ನಿಲ್ಲಬೇಕು. ಅದು ನಾಡಕಚೇರಿಯದ್ದಿರಬಹುದು, ಪಂಚಾಯಿತಿಯದ್ದಿರಬಹುದು, ಜೆರಾಕ್ಸ್ ಅಂಗಡಿಯದ್ದೂ ಇರಬಹುದು. ಈ ಬದಲಾವಣೆಗೆ ಅಡಿಪಾಯ ಹಾಕಿದ್ದು 2000ರ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಆ ಯೋಜನೆ ರೂಪಿಸಿದವರು ಒಂದು ವಿಷಯದಲ್ಲಿ ಬಹಳ ಎಚ್ಚರ ವಹಿಸಿದರು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಗೆ ಹೋಗಬೇಕು, ಖಾತೆ ಬದಲಾಯಿಸಿದ್ದು ಯಾರು ಎಂದು ನಾಳೆ ಕೇಳಿದರೆ ಉತ್ತರ ಸಿಗಬೇಕು ಎಂಬುದೇ ಆ ಎಚ್ಚರ.

ಇಂಥ ಕಂಪ್ಯೂಟರಿನೊಳಗೆ ಅದೇ ಹೊತ್ತಿಗೆ ನೂರಕ್ಕೂ ಹೆಚ್ಚು ಪ್ರೊಸೆಸ್‌ಗಳು, ಅಂದರೆ ಚಾಲನೆಯಲ್ಲಿರುವ ಪ್ರೋಗ್ರಾಮುಗಳು, ಓಡುತ್ತಿರುತ್ತವೆ. ಅವುಗಳ ಗುರುತನ್ನು ಮಾತ್ರ ನಾವು ಯಾರೂ ಕೇಳುವುದಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಡೀಟೇಲ್ಸ್ ಎಂಬಲ್ಲಿಗೆ ಹೋದರೆ ಎಸ್‌ವಿಸಿಹೋಸ್ಟ್ ಎಂಬ ಒಂದೇ ಹೆಸರು ಹತ್ತಾರು ಸಾಲುಗಳಲ್ಲಿ ಕಾಣುತ್ತದೆ. ಮೊದಲ ಸಲ ನೋಡಿದವರು ಇದೇ ವೈರಸ್ ಎಂದು ಗಾಬರಿಯಾಗುವುದುಂಟು. ಗಾಬರಿ ಬೇಡ. ಪ್ರಿಂಟರ್, ವೈಫೈ, ಅಪ್‌ಡೇಟ್, ಧ್ವನಿ ಹೀಗೆ ವಿಂಡೋಸ್‌ನ ಹಿನ್ನೆಲೆಯ ಸೇವೆಗಳಲ್ಲಿ ಹೆಚ್ಚಿನವು ತಾವಾಗಿಯೇ ಓಡಲಾರವು. ಅವನ್ನು ಓಡಿಸುವ ಕೆಲಸ ಎಸ್‌ವಿಸಿಹೋಸ್ಟ್‌ನದು. ಮೊದಲು ಹಲವು ಸೇವೆಗಳು ಒಂದೇ ಎಸ್‌ವಿಸಿಹೋಸ್ಟ್‌ನಲ್ಲಿ ಒಟ್ಟಿಗಿರುತ್ತಿದ್ದವು. 2017ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ ಬಹುಪಾಲು ಸೇವೆಗಳಿಗೆ ಪ್ರತ್ಯೇಕ ಎಸ್‌ವಿಸಿಹೋಸ್ಟ್ ಸಿಗುತ್ತದೆ. ಆದ್ದರಿಂದ ಸಂಖ್ಯೆ ನೋಡಿ ಏನನ್ನೂ ತೀರ್ಮಾನಿಸುವಂತಿಲ್ಲ.

ಹೆಸರು ನೋಡಿಯೂ ತೀರ್ಮಾನಿಸುವಂತಿಲ್ಲ. ಹುಸಿ ಪ್ರೋಗ್ರಾಮು ‘ವಿ’ ಮತ್ತು ‘ಸಿ’ಗಳನ್ನು ಹಿಂದುಮುಂದು ಮಾಡಿ ಎಸ್‌ಸಿವಿಹೋಸ್ಟ್ ಎಂದು ಬಂದದ್ದುಂಟು. ಲಾಗಿನ್ ಕಾಯುವ ಎಲ್‌ಸಾಸ್‌ನ ಮೊದಲ ಅಕ್ಷರ ಇಂಗ್ಲಿಷಿನ ಚಿಕ್ಕ ‘ಎಲ್’. ಅದರ ಜಾಗದಲ್ಲಿ ದೊಡ್ಡ ‘ಐ’ ಕೂರಿಸಿದರೆ ಪರದೆಯ ಮೇಲೆ ಎರಡೂ ಒಂದೇ ಗೆರೆ. ಕಾಗುಣಿತ ತಪ್ಪದೆ ಅಸಲಿ ಹೆಸರನ್ನೇ ಇಟ್ಟುಕೊಂಡು ಬರುವವೂ ಇವೆ.

ಊರಿಗೆ ಹೊಸಬರು ಬಂದರೆ ಹಳ್ಳಿಯವರು ಹೆಸರು ಕೇಳಿ ಸುಮ್ಮನಾಗುವುದಿಲ್ಲ. ‘ಯಾವೂರು, ಯಾರ ಮನೆಯವರು?’ ಎನ್ನುತ್ತಾರೆ. ಪ್ರೊಸೆಸ್‌ಗೂ ಇದೇ ಪ್ರಶ್ನೆ ಹಾಕಬೇಕು.

ಮೊದಲು ಊರು. ಪ್ರೊಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿ. ಅದರ 32 ಬಿಟ್ ರೂಪ ಸಿಸ್‌ವಾವ್64ರಲ್ಲಿ ಇರಬಹುದು. ಅದೇ ಹೆಸರಿನದು ಆಪ್‌ಡೇಟಾ, ಟೆಂಪ್ ಅಥವಾ ಡೌನ್‌ಲೋಡ್ಸ್‌ನಿಂದ ಓಡುತ್ತಿದ್ದರೆ ಅದು ವೇಷಧಾರಿಯೇ. ಇದಕ್ಕೆ ಕಾರಣವೂ ಸರಳ: ಅಡ್ಮಿನ್ ಅಧಿಕಾರವಿಲ್ಲದೆ ಸಿಸ್ಟಮ್32ರಲ್ಲಿ ಬರೆಯಲಾಗುವುದಿಲ್ಲ, ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಇಲ್ಲೊಂದು ಎಡವಟ್ಟಿದೆ. ಫೋಲ್ಡರುಗಳನ್ನು ತೋರಿಸುವ ಎಕ್ಸ್‌ಪ್ಲೋರರ್‌ನ ಮನೆ ಸಿಸ್ಟಮ್32 ಅಲ್ಲ, ವಿಂಡೋಸ್ ಫೋಲ್ಡರೇ. ಎಲ್ಲದಕ್ಕೂ ಒಂದೇ ವಿಳಾಸ ಎಂದುಕೊಂಡವರು ಅಸಲಿಯನ್ನೇ ಅನುಮಾನಿಸುತ್ತಾರೆ.

ಆಮೇಲೆ ಹೆತ್ತವರು. ಎಸ್‌ವಿಸಿಹೋಸ್ಟ್ ಅನ್ನು ಹುಟ್ಟಿಸುವುದು ಸರ್ವಿಸಸ್ ಎಂಬ ಪ್ರೊಸೆಸ್, ಎಲ್‌ಸಾಸ್ ಅನ್ನು ವಿನ್‌ಇನಿಟ್. ವರ್ಡ್ ಕಡತವೊಂದನ್ನು ತೆರೆದ ಕೂಡಲೇ ವರ್ಡ್‌ನ ಮಗುವಾಗಿ, ಆದೇಶಗಳನ್ನು ನಡೆಸುವ ಪವರ್‌ಶೆಲ್ ಓಡತೊಡಗಿದರೆ ಆ ಕಡತದಲ್ಲಿ ಏನೋ ಇದೆ ಎಂದೇ ಅರ್ಥ. ಈ ವಂಶವೃಕ್ಷವನ್ನು ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ಉಚಿತ ಉಪಕರಣ ಚೆನ್ನಾಗಿ ತೋರಿಸುತ್ತದೆ. ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ತಂಡದ ಈ ಉಪಕರಣ 2006ರಿಂದ ಮೈಕ್ರೋಸಾಫ್ಟ್‌ನದೇ. ಪ್ರೋಗ್ರಾಮಿನ ಡಿಜಿಟಲ್ ಸಹಿಯನ್ನೂ ಇದು ಪರಿಶೀಲಿಸುತ್ತದೆ. ಕೇಳಿದರೆ ಫೈಲಿನ ಹ್ಯಾಶ್ ಎಂಬ ಬೆರಳಚ್ಚನ್ನು ವೈರಸ್‌ಟೋಟಲ್ ತಾಣಕ್ಕೆ ಕಳಿಸಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನೂ ತರುತ್ತದೆ.

ಹೆಸರನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2005ರ ಕೊನೆಯಲ್ಲಿ ಕಾಣಿಸಿಕೊಂಡ ಬ್ರಾಂಟಾಕ್ ಎಂಬ ಕುತಂತ್ರಾಂಶ ಸಾಕ್ಷಿ. ಅದು ಹಳದಿ ಫೋಲ್ಡರಿನ ಐಕಾನ್ ಹಾಕಿಕೊಂಡಿರುತ್ತಿತ್ತು. ಫೋಲ್ಡರ್ ಎಂದುಕೊಂಡು ಎರಡು ಸಲ ಕ್ಲಿಕ್ ಮಾಡಿದರೆ ಪ್ರೋಗ್ರಾಮು ಓಡಿ, ಬಳಕೆದಾರನ ಫೋಲ್ಡರಿನೊಳಗೆ ವಿನ್‌ಲಾಗಾನ್, ಸರ್ವಿಸಸ್, ಎಲ್‌ಸಾಸ್ ಎಂಬ ಹೆಸರುಗಳಲ್ಲಿ ತನ್ನದೇ ನಕಲುಗಳನ್ನು ಇಡುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಟಾಸ್ಕ್ ಮ್ಯಾನೇಜರ್ ಇಂಥ ಕೆಲವು ಹೆಸರುಗಳನ್ನು ಕಂಡರೆ ‘ಇದು ಮುಖ್ಯ ಪ್ರೊಸೆಸ್, ನಿಲ್ಲಿಸಲಾಗದು’ ಎಂದುಬಿಡುತ್ತಿತ್ತು. ಅದು ನೋಡುತ್ತಿದ್ದದ್ದು ಹೆಸರನ್ನು ಮಾತ್ರ, ಜಾಗವನ್ನಲ್ಲ. ವಿಂಡೋಸ್ ತಾನೇ ವೇಷಧಾರಿಯ ಪರ ನಿಂತುಬಿಡುತ್ತಿತ್ತು.

ಇದು ಹಳೆಯ ಮಾತಾಯಿತು ಎನ್ನುವವರು ನಮ್ಮ ಗಡಿಯಾಚೆಯ ವಯನಾಡನ್ನು ನೋಡಬೇಕು. 2017ರ ಮೇ 15ರಂದು ಅಲ್ಲಿನ ತರಿಯೋಡು ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳಲ್ಲಿ ಕಡತಗಳು ತೆರೆಯದಾದವು. ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೊಡಿ ಎಂಬ ಬೇಡಿಕೆ ಪರದೆಯ ಮೇಲಿತ್ತು. ಮೇ 12ರ ಶುಕ್ರವಾರ ಶುರುವಾಗಿ ಸುಮಾರು 150 ದೇಶಗಳಿಗೆ ಹಬ್ಬಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅದು. ಅದು ಯಂತ್ರದೊಳಗೆ ತನ್ನನ್ನು ನೋಂದಾಯಿಸಿಕೊಳ್ಳುತ್ತಿದ್ದದ್ದು ‘ಮೈಕ್ರೋಸಾಫ್ಟ್ ಸೆಕ್ಯುರಿಟಿ ಸೆಂಟರ್ 2.0 ಸರ್ವಿಸ್’ ಎಂದು! ವಿಂಡೋಸ್‌ನಲ್ಲಿ ಸೆಕ್ಯುರಿಟಿ ಸೆಂಟರ್ ನಿಜಕ್ಕೂ ಇದೆ, ಅದಕ್ಕೆ 2.0 ಎಂಬ ಬಾಲವಿಲ್ಲ. ಈ ದಾಳಿ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕದ ಕಚೇರಿಗಳು ಆ ಎರಡು ತಿಂಗಳಿಗೆ ಬೆಲೆ ತೆತ್ತವು. ಪಂಚಾಯಿತಿಯಷ್ಟು ಸಣ್ಣ ಕಚೇರಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ಅಂಥ ದಾಳಿಗೆ ಯಾರನ್ನೂ ಹುಡುಕಬೇಕಾಗಿಲ್ಲ, ತೆರೆದ ಬಾಗಿಲು ಸಿಕ್ಕರೆ ಸಾಕು.

ಮೇಲೆ ಹೇಳಿದ ಪರೀಕ್ಷೆಗಳಿಗೆ ಮಿತಿಯೂ ಇದೆ. 2008ರ ಕಾನ್ಫಿಕರ್ ಎಂಬ ಕುತಂತ್ರಾಂಶ ಅಸಲಿ ಎಸ್‌ವಿಸಿಹೋಸ್ಟ್‌ನ ಒಳಗೇ ಸೇರಿಕೊಂಡು ಓಡುತ್ತಿತ್ತು. ಹೆಸರು, ಜಾಗ, ಹೆತ್ತವರು ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದವು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಇನ್ನೂ ಮುಂದೆ ಹೋಗಿ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿಯನ್ನೇ ಕದ್ದು ಬಳಸಿತ್ತು. ಅಂಥದ್ದನ್ನು ಹಿಡಿಯುವುದು ಹೋಬಳಿಯ ಆಪರೇಟರ್ ಕೆಲಸವಲ್ಲ, ತಜ್ಞರದು. ಆದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಅಷ್ಟು ಚತುರ ವೈರಿ ಬರುವುದು ಅಪರೂಪ. ಅಲ್ಲಿಗೆ ವೈರಸ್ ಬರುವುದು ಗಿರಾಕಿಯ ಪೆನ್‌ಡ್ರೈವ್‌ನಿಂದ, ಇಲ್ಲವೇ ‘ಆಂಟಿವೈರಸ್ ಆಫ್ ಮಾಡಿ ಹಾಕಿ’ ಎಂದು ಹೇಳುವ ನಕಲಿ ವಿಂಡೋಸ್‌ನ ಆಕ್ಟಿವೇಟರ್‌ನಿಂದ. ಆ ಒಂದು ಸಾಲನ್ನು ಓದಿಯೂ ಯಾರಾದರೂ ಮುಂದುವರಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅತಿ ಅನುಮಾನವೂ ಅಪಾಯವೇ. 2002ರಲ್ಲಿ, ಪುಟ್ಟ ಕರಡಿಯ ಐಕಾನ್ ಇರುವ ಫೈಲು ವೈರಸ್, ಕೂಡಲೇ ಅಳಿಸಿ ಎಂಬ ಇಮೇಲ್ ಜಗತ್ತನ್ನೇ ಸುತ್ತಿತು. ಅದು ವಿಂಡೋಸ್ ಜೊತೆಗೇ ಬರುತ್ತಿದ್ದ ಜಾವಾ ಉಪಕರಣ. ನಂಬಿದವರು ಅಸಲಿಯನ್ನು ತಾವೇ ಕಿತ್ತೆಸೆದರು. ವೃತ್ತಿಪರರೂ ಎಡವಿದ್ದಾರೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ಹಿಡಿಯಿತು. ಎಷ್ಟೋ ಕಚೇರಿಗಳ ಕಂಪ್ಯೂಟರುಗಳು ನೆಟ್‌ವರ್ಕ್ ಕಳೆದುಕೊಂಡು ಮತ್ತೆಮತ್ತೆ ರೀಸ್ಟಾರ್ಟ್ ಆಗತೊಡಗಿದವು.

ಆದ್ದರಿಂದ ಅನುಮಾನ ಬಂದ ತಕ್ಷಣ ಫೈಲನ್ನು ಅಳಿಸಬೇಡಿ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ನಿಲ್ಲಿಸಿ. ಪಕ್ಕದ ಯಂತ್ರಗಳು ಉಳಿಯುತ್ತವೆ. ಪ್ರೊಸೆಸ್‌ನ ಹೆಸರು, ಜಾಗ, ಬಂದ ಸಂದೇಶಗಳ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಸರ್ಕಾರಿ ಕಚೇರಿಯಾದರೆ ಮೇಲಿನ ತಾಂತ್ರಿಕ ಸಿಬ್ಬಂದಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ವೈರಸ್ ತೆಗೆಯುವ ಉಪಕರಣಗಳು ಉಚಿತವಾಗಿ ಸಿಗುತ್ತವೆ.

ಗಾಬರಿಯಲ್ಲಿ ರೀಸ್ಟಾರ್ಟ್ ಕೂಡ ಮಾಡಬೇಡಿ. ವನ್ನಾಕ್ರೈ ಬಡಿದ ಒಂದು ವಾರದಲ್ಲೇ ಫ್ರಾನ್ಸಿನ ಆದ್ರಿಯೆ ಗಿನೆ ಮತ್ತು ಬೆಂಜಮಿನ್ ಡೆಲ್ಪಿ, ರ‍್ಯಾಮ್‌ನಲ್ಲಿ ಉಳಿದಿದ್ದ ಅವಿಭಾಜ್ಯ ಸಂಖ್ಯೆಗಳಿಂದ ಕಡತಗಳ ಬೀಗದ ಕೀಲಿಯನ್ನು ಮತ್ತೆ ಕಟ್ಟುವ ಉಪಕರಣಗಳನ್ನು ಬರೆದರು. ಎಕ್ಸ್‌ಪಿ ಮತ್ತು ವಿಂಡೋಸ್ 7ರ ಕೆಲವು ಯಂತ್ರಗಳಲ್ಲಿ ಹಣ ಕೊಡದೆಯೇ ಕಡತಗಳು ಮರಳಿದವು. ಸೋಂಕು ತಗುಲಿದ ಮೇಲೆ ಕಂಪ್ಯೂಟರನ್ನು ಆಫ್ ಮಾಡದೆ ಹಾಗೆಯೇ ಬಿಟ್ಟವರಿಗೆ ಮಾತ್ರ ಆ ಅವಕಾಶ ಸಿಕ್ಕಿತು.