ಟಿಕೆಟ್ ಇಲ್ಲದ ಬಾಗಿಲು

ಮುಂಬೈಯಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ತೋರಿಸಬೇಕಾದ ಜಾಗಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಹಾಜಿ ಅಲಿ, ಪುರುಸೊತ್ತಿದ್ದರೆ ಎಲಿಫೆಂಟಾ. ಗೇಟ್‌ವೇಯಿಂದ ನಡೆದೇ ಹೋಗಬಹುದಾದ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಮಾತ್ರ ಈ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಟಿಕೆಟ್ ಇಲ್ಲ. ಒಳಗೆ ಹೋಗಿ ಸುಮ್ಮನೆ ನೋಡಿ ಬರಬಹುದು. ಆದರೂ ನಮ್ಮಲ್ಲಿ ಹೆಚ್ಚಿನವರು ಗಾಜಿನ ಬಾಗಿಲಿನ ಹೊರಗೇ ಉಳಿದುಬಿಡುತ್ತೇವೆ. ಕಾರಣ ಕೇಳಿದರೆ ಒಂದೇ ಉತ್ತರ: ‘ಅದೆಲ್ಲ ನಮಗೆ ಅರ್ಥ ಆಗೋದಿಲ್ಲ ಬಿಡಿ.’

ಈ ಸಂಕೋಚ ಬಿಡಲು ಒಂದು ಸಣ್ಣ ಚರಿತ್ರೆ ನೆರವಾಗಬಹುದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಚಿತ್ರ ಕಲಿಯಲೆಂದು ಈ ಊರಿಗೆ ಬಂದವರು. ಜೆ.ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಪಾಠ ಮಾಡಿ, ದೇಶದ ದೊಡ್ಡ ಕಲಾವಿದರಲ್ಲಿ ಒಬ್ಬರಾದರು. ಕಲಾವಿದರಿಗೆ ಈ ನಗರದಲ್ಲಿ ಒಂದು ಸಾರ್ವಜನಿಕ ಗ್ಯಾಲರಿ ಬೇಕು ಎಂದು ಸರ್ ಕಾವಸ್‌ಜಿ ಜಹಾಂಗೀರ್ ಅವರನ್ನು ಒತ್ತಾಯಿಸಿದವರು ಇಬ್ಬರು: ವಿಜ್ಞಾನಿ ಹೋಮಿ ಭಾಭಾ ಮತ್ತು ನಮ್ಮ ಹೆಬ್ಬಾರರು. ಅದರ ಫಲವಾಗಿ 1952ರಲ್ಲಿ ಎದ್ದದ್ದು ಈ ಕಟ್ಟಡ. ಹೊಟ್ಟೆಪಾಡಿಗೆ, ಓದಿಗೆ ಎಂದು ಇಲ್ಲಿಗೆ ಬಂದ ಕನ್ನಡಿಗರ ಪರವಾಗಿ ಒಬ್ಬರು ಆಗಲೇ ಈ ಬಾಗಿಲು ತಟ್ಟಿ ತೆಗೆಸಿದ್ದಾರೆ. ಒಳಗೆ ಕಾಲಿಡಲು ನಾವು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ನನ್ನ ಕಚೇರಿ ಫೋರ್ಟ್‌ನಲ್ಲಿ. ಕೆಲವು ವರ್ಷಗಳಿಂದ ತಿಂಗಳಲ್ಲಿ ಎರಡು ಮೂರು ಸಂಜೆ ಲೋಕಲ್ ಹಿಡಿಯುವ ಮೊದಲು ಈ ಕಡೆ ಸುತ್ತು ಹಾಕುವುದು ಅಭ್ಯಾಸವಾಗಿದೆ. ಕಲೆಯ ಬಗ್ಗೆ ಯಾವ ಪದವಿಯೂ ನನಗಿಲ್ಲ. ನೋಡುತ್ತ ನೋಡುತ್ತ ತಿಳಿದದ್ದು ಇಷ್ಟು: ಇಂದಿನ ಕಲಾವಿದರನ್ನು ಪರಿಚಯ ಮಾಡಿಕೊಳ್ಳಲು ಕಾಗದದ ಮೇಲಿನ ಕೆಲಸಗಳಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಅದರಲ್ಲೂ ಜಲವರ್ಣ ಮತ್ತು ಮಿಶ್ರ ಮಾಧ್ಯಮ.

ಬಿಳಿ ಎಲ್ಲಿಂದ ಬಂತು?

ಜಲವರ್ಣ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಬಣ್ಣದ ಬಿಲ್ಲೆಗಳ ಡಬ್ಬಿ, ಒಂದು ಲೋಟ ನೀರು, ತೂತು ಬೀಳುವವರೆಗೆ ತಿಕ್ಕಿದ ಡ್ರಾಯಿಂಗ್ ಹಾಳೆ. ಬಹುಶಃ ಅದಕ್ಕೇ ಅದನ್ನು ಮಕ್ಕಳ ಮಾಧ್ಯಮ ಎಂದುಕೊಂಡಿದ್ದೇವೆ. ನಿಜಕ್ಕೂ ಅದು ಬಲು ಕಠಿಣ. ತೈಲವರ್ಣದಲ್ಲಿ ತಪ್ಪಾದರೆ ಕೆರೆದು ತೆಗೆಯಬಹುದು, ಮೇಲೆ ಇನ್ನೊಂದು ಪದರ ಬಳಿಯಬಹುದು. ಜಲವರ್ಣದಲ್ಲಿ ಆ ಸೌಲಭ್ಯ ಇಲ್ಲವೆಂದೇ ಹೇಳಬೇಕು. ಪುಡಿ ಬಣ್ಣವನ್ನು ಗೋಂದಿನಲ್ಲಿ ಕಲಸಿ ಮಾಡಿದ ಈ ಬಣ್ಣ ಪಾರದರ್ಶಕ. ಕೆಳಗಿನದು ಮೇಲಕ್ಕೆ ಕಂಡೇ ಕಾಣುತ್ತದೆ.

ಚಿತ್ರದ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಬಿಳಿ ಎಲ್ಲಿಂದ ಬಂತು? ಅಪ್ಪಟ ಜಲವರ್ಣದಲ್ಲಿ ಬಿಳಿ ಬಣ್ಣವನ್ನು ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಒದ್ದೆ ರಸ್ತೆಯ ಮೇಲಿನ ಹೊಳಪು, ಹೆಂಚಿನ ಅಂಚಿನ ಬಿಸಿಲು, ಟ್ಯಾಕ್ಸಿಯ ಗಾಜಿನ ಮಿಂಚು ಎಲ್ಲವೂ ಕುಂಚ ಮುಟ್ಟದೆ ಉಳಿದ ಜಾಗಗಳು. ಅಂದರೆ ಎಲ್ಲಿ ಬಣ್ಣ ಹಚ್ಚಬಾರದು ಎಂಬುದನ್ನು ಕಲಾವಿದ ಮೊದಲೇ ನಿರ್ಧರಿಸಿರಬೇಕು. ಎರಡನೆಯ ಪ್ರಶ್ನೆ ಅಂಚುಗಳದ್ದು. ಒದ್ದೆ ಕಾಗದದ ಮೇಲೆ ಬಿದ್ದ ಬಣ್ಣ ಮಂಜಿನಂತೆ ಹರಡುತ್ತದೆ. ಒಣಗಿದ ಕಾಗದದ ಮೇಲೆ ಬಿದ್ದದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಎಲ್ಲಿ ಮಸುಕು, ಎಲ್ಲಿ ಚೂಪು ಎಂದು ಗಮನಿಸಿದರೆ ಕಲಾವಿದ ಎಲ್ಲಿ ಅವಸರ ಮಾಡಿದ, ಎಲ್ಲಿ ಕಾದ ಎಂಬುದೂ ಕಾಣಿಸುತ್ತದೆ.

ಈ ಮಾಧ್ಯಮಕ್ಕೆ ಮತ್ತೆ ಗೌರವ ತಂದವರಲ್ಲಿ ಮುಂಬೈಯ ಸಮೀರ್ ಮಂಡಲ್ ಮುಖ್ಯರು. ಅವರ ಹೆಸರು ಗೊತ್ತಿಲ್ಲದವರೂ ಅವರ ಕೆಲಸ ನೋಡಿದ್ದೀರಿ. 2007ರ ‘ತಾರೇ ಜಮೀನ್ ಪರ್’ ಸಿನಿಮಾದ ಕೊನೆಯ ಚಿತ್ರಕಲಾ ಸ್ಪರ್ಧೆಯ ಜಲವರ್ಣಗಳು ಅವರ ಕೈಯಿಂದ ಬಂದವು. ಪುಣೆಯಲ್ಲಿರುವವರಿಗೆ ಮಿಲಿಂದ್ ಮುಳಿಕ್ ಇದ್ದಾರೆ. ಎಂಜಿನಿಯರಿಂಗ್ ಓದಿದ ಇವರು ಹಳೆ ವಾಡೆಗಳನ್ನು, ಮಳೆಗಾಲದ ಬೀದಿಗಳನ್ನು ನಾಲ್ಕಾರು ಬೀಸು ಕುಂಚದಲ್ಲಿ ಹಿಡಿಯುವ ರೀತಿ ನೋಡಬೇಕು. ಜಲವರ್ಣ ಕಲಿಸುವ ಅವರ ಪುಸ್ತಕಗಳನ್ನು ಹಿಡಿದುಕೊಂಡೇ ಎಷ್ಟೋ ಜನ ಭಾನುವಾರದ ಚಿತ್ರಕಾರರಾಗಿದ್ದಾರೆ. ನಮ್ಮಲ್ಲೂ ಈ ಪರಂಪರೆ ಇಲ್ಲದಿಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಲವರ್ಣದಲ್ಲಿ ಉರಿಯುವಂತೆ ಬರೆದ ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳ ಮುಂದೆ ನಿಂತರೆ, ಕಳೆದುಹೋದ ಒಂದು ಊರೇ ಎದುರಿಗೆ ಬರುತ್ತದೆ.

‘ನಿಂತು ನೋಡಿದ್ರ ಸಾಕ್ರೀ’

ಜಹಾಂಗೀರ್‌ನ ವಿಶೇಷವೆಂದರೆ ಅಲ್ಲಿ ಚಿತ್ರದ ಜತೆಗೆ ಚಿತ್ರ ಬರೆದವರೂ ಸಿಗುತ್ತಾರೆ. ವರ್ಷಗಟ್ಟಲೆ ಸರದಿ ಕಾದು, ಬಾಡಿಗೆ ಕಟ್ಟಿ, ಒಂದು ವಾರದ ಮಟ್ಟಿಗೆ ಗೋಡೆ ಹಿಡಿದುಕೊಂಡಿರುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಮೂಲೆಯ ಕುರ್ಚಿಯಲ್ಲಿ ಕುಳಿತು, ಬಂದವರು ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ ಎಂದು ನೋಡುತ್ತಿರುತ್ತಾರೆ. ಕಳೆದ ಮಳೆಗಾಲದಲ್ಲಿ ಗದಗ ಕಡೆಯ ಕಲಾವಿದರೊಬ್ಬರು ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಪರಿಚಯ ಹೇಳಿಕೊಂಡೆ. ಮೂವತ್ತು ಜಲವರ್ಣಗಳನ್ನು ರಟ್ಟು, ಪ್ಲಾಸ್ಟಿಕ್ ಸುತ್ತಿ ರೈಲಿನಲ್ಲಿ ತಂದಿದ್ದರು. ನಾಲ್ಕನೆಯ ದಿನವಾದರೂ ಒಂದೂ ಹೋಗಿರಲಿಲ್ಲ.

‘ಖರೀದಿ ಮಾತು ಬಿಡ್ರಿ ಸರ’ ಎಂದರು. ‘ಮಂದಿ ಬರ್ತಾರ, ಮೊಬೈಲಿನ್ಯಾಗ ಫೋಟೋ ತಗೋತಾರ, ಹೋಗ್ತಾರ. ಎರಡು ನಿಮಿಷ ನಿಂತು ನೋಡಿದ್ರ ಸಾಕ್ರೀ. ಮಳಿ ಬರೂಕ್ಕಿಂತ ಮೊದಲಿನ ಈ ಆಕಾಶ ಹಿಡಿಯಾಕ ನನಗ ಎಂಟು ಹಾಳಿ ಹಾಳಾಗ್ಯಾವ.’

ಆ ಆಕಾಶದ ಮುಂದೆ ಎರಡು ನಿಮಿಷ ನಿಂತೆ. ಕಪ್ಪು ಮೋಡದ ಕೆಳಗೆ, ಎರೆಹೊಲದ ಮೇಲೆ, ಬೆರಳಗಲದ ಬೆಳಕು. ಅಲ್ಲಿ ಬಣ್ಣವೇ ಇರಲಿಲ್ಲ, ಬರಿ ಕಾಗದ ಇತ್ತು. ಎಂಟು ಹಾಳೆ ಯಾಕೆ ಹಾಳಾದವು ಎಂದು ಆಗ ತಿಳಿಯಿತು. ದೊಡ್ಡ ಹೆಸರಿನ ಕಲಾವಿದರಿಗೆ ನಾವು ಹೋದರೂ ಬಿಟ್ಟರೂ ನಡೆಯುತ್ತದೆ. ಇಂಥವರ ವಿಷಯ ಹಾಗಲ್ಲ. ಒಂದು ವಾರ ಯಾರೂ ನಿಂತು ನೋಡದಿದ್ದರೆ ಅವರು ಮುಂದಿನ ಬಾರಿ ರೈಲು ಹತ್ತುತ್ತಾರೋ ಇಲ್ಲವೋ ಎಂಬುದು ಪ್ರಶ್ನೆಯೇ.

ಬಣ್ಣವೇ ಸಾಲದಾದಾಗ

ಜಲವರ್ಣಕ್ಕಿಂತ ನಮ್ಮನ್ನು ಹೆಚ್ಚು ಹೆದರಿಸುವುದು ಮಿಶ್ರ ಮಾಧ್ಯಮ. ಬಣ್ಣದ ಜತೆ ಇದ್ದಿಲು, ಬಟ್ಟೆ, ದಾರ, ತಗಡು, ಪತ್ರಿಕೆಯ ತುಣುಕು ಏನನ್ನೂ ಸೇರಿಸಿ ಮಾಡಿದ ಕೃತಿಗೆ ಈ ಹೆಸರು. ಇಲ್ಲಿ ಕೇಳಬೇಕಾದದ್ದು ಒಂದೇ: ಈ ವಸ್ತುವೇ ಯಾಕೆ?

ಅತುಲ್ ದೋಡಿಯಾ ಅವರನ್ನು ನೋಡಿ. 1999ರಲ್ಲಿ ಗಾಂಧೀಜಿಯ ಬದುಕಿನ ಕುರಿತು ದೊಡ್ಡ ದೊಡ್ಡ ಜಲವರ್ಣಗಳ ಸರಣಿ ಮಾಡಿದ ಇವರು, ಅದಾದ ಮೇಲೆ ಅಂಗಡಿಗಳ ರೋಲಿಂಗ್ ಶಟರ್‌ಗಳ ಮೇಲೆ ಚಿತ್ರ ಬರೆದರು. 2002ರ ‘ಮಹಾಲಕ್ಷ್ಮಿ’ಯಲ್ಲಿ ಶಟರ್ ಮೇಲೆ ಕ್ಯಾಲೆಂಡರಿನಲ್ಲಿ ಕಾಣುವಂಥ ಲಕ್ಷ್ಮಿ. ಶಟರ್ ಎತ್ತಿದರೆ ಒಳಗೆ, ವರದಕ್ಷಿಣೆಯ ಹೊರೆ ಅಪ್ಪನ ಮೇಲೆ ಬೀಳದಿರಲೆಂದು ನೇಣು ಹಾಕಿಕೊಂಡ ಮೂವರು ಅಕ್ಕತಂಗಿಯರು. ಇದನ್ನೇ ಕ್ಯಾನ್ವಾಸ್ ಮೇಲೆ ಬರೆದಿದ್ದರೆ ಒಂದು ಚಿತ್ರವಾಗುತ್ತಿತ್ತು, ಅಷ್ಟೇ. ಶಟರ್ ಮೇಲೆ ಬರೆದದ್ದರಿಂದ ಎಳೆದು ಮುಚ್ಚುವ, ಎತ್ತಿ ನೋಡುವ ಪಾಪದಲ್ಲಿ ನಮಗೂ ಪಾಲು ಬಂತು.

ಅವರ ಪತ್ನಿ ಅಂಜು ದೋಡಿಯಾ ಜಲವರ್ಣ ಮತ್ತು ಇದ್ದಿಲನ್ನು ಕಾಗದ ದಾಟಿಸಿ, ಬಟ್ಟೆ ಹೊದಿಸಿದ ಹಾಸಿಗೆಗಳ ಮೇಲೆ ತಂದರು. ನಿದ್ದೆ, ಕನಸು, ಕಾಯಿಲೆ ಎಲ್ಲ ನಡೆಯುವ ಹಾಸಿಗೆಯ ಮೇಲೆಯೇ ಹೆಣ್ಣಿನ ತಳಮಳದ ಚಿತ್ರ. ಜಿತಿಶ್ ಕಲ್ಲಾಟ್ ತಮ್ಮ ‘ರೇನ್ ಸ್ಟಡಿ’ ಸರಣಿಯಲ್ಲಿ ಬಣ್ಣದ ಕಾಗದವನ್ನು ಮಳೆಗೇ ಒಡ್ಡುತ್ತಾರೆ. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರವಿಲ್ಲ, ತಮ್ಮದೇ ಉಸಿರಿನ ಎಣಿಕೆ. ಹನಿ ಬಿದ್ದ ಗುರುತುಗಳು ಕೊನೆಗೆ ನಕ್ಷತ್ರ ತುಂಬಿದ ರಾತ್ರಿಯಂತೆ ಕಾಣುತ್ತವೆ. ಜುಲೈ ತಿಂಗಳಲ್ಲಿ ಛತ್ರಿ ಹಿಡಿದು ಲೋಕಲ್‌ಗೆ ಓಡುವ ನಮಗೆ ಈ ಮಳೆಯ ಪರಿಚಯ ಇದ್ದೇ ಇದೆ.

ನಿಮ್ಮ ಊರಿನಲ್ಲಿ

ಇದು ಮುಂಬೈಯ ಭಾಗ್ಯ ಮಾತ್ರವಲ್ಲ. ಪುಣೆಯಲ್ಲಿ ಜೆ.ಎಂ. ರಸ್ತೆಯ ಬಾಲಗಂಧರ್ವ ರಂಗಮಂದಿರದ ಕಲಾದಾಲನ್ ಇದೆ. ಹೈದರಾಬಾದಿನ ಐಟಿ ಗೆಳೆಯರಿಗೆ ಮಾಧಾಪುರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್ ಕೈಯಳತೆಯಲ್ಲಿದೆ. ಅದೇ ಊರಿನ ವರುಣಿಕಾ ಸರಾಫ್ ಬಟ್ಟೆಗೆ ಅಂಟಿಸಿದ ಅಕ್ಕಿ ಕಾಗದದ ಮೇಲೆ ಜಲವರ್ಣ ಮತ್ತು ಕಸೂತಿಯಲ್ಲಿ ನಮ್ಮ ಕಾಲದ ಹಿಂಸೆಯ ಚರಿತ್ರೆ ದಾಖಲಿಸುತ್ತಿದ್ದಾರೆ. ದೆಹಲಿಯಲ್ಲಿರುವವರು ಮಂಡಿ ಹೌಸ್ ಬಳಿಯ ತ್ರಿವೇಣಿ ಕಲಾ ಸಂಗಮಕ್ಕೆ ಹೋಗಬಹುದು. ಅಲ್ಲಿನ ಅರ್ಪಿತಾ ಸಿಂಗ್ ಅವರ ಜಲವರ್ಣಗಳಲ್ಲಿ ನಡುವಯಸ್ಸಿನ ಹೆಂಗಸರ ಸುತ್ತ ಹೂವು, ಬಂದೂಕು, ವಿಮಾನ, ಅಂಕಿಗಳು, ಅಕ್ಷರಗಳು ತುಂಬಿರುತ್ತವೆ. ಇವರ ದೊಡ್ಡ ಪ್ರದರ್ಶನವೊಂದು 2025ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ನಡೆಯಿತು.

ಚೆನ್ನೈ ಕನ್ನಡಿಗರಿಗೆ ಈಸಿಆರ್ ರಸ್ತೆಯ ಚೋಳಮಂಡಲ ಕಲಾವಿದರ ಗ್ರಾಮ ಮನೆಯಿದ್ದಂತೆ. ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಅದನ್ನು ಕಟ್ಟಿದ ತಂಡದಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಇದ್ದರು. ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶಕರೂ ಅವರೇ. ಬಣ್ಣ, ತಾಮ್ರದ ತಗಡು, ರೇಷ್ಮೆ ನೇಯ್ಗೆ ಹೀಗೆ ಮಾಧ್ಯಮದಿಂದ ಮಾಧ್ಯಮಕ್ಕೆ ನಡೆದವರು. ಇನ್ನು ಜನವರಿಯಲ್ಲಿ ಊರಿಗೆ ಹೋಗುವವರು ಬೆಂಗಳೂರಿನ ಚಿತ್ರಸಂತೆಯ ಭಾನುವಾರವನ್ನು ನೋಡಿಕೊಂಡು ರಜೆ ಹಾಕಬಹುದು. ಕುಮಾರಕೃಪಾ ರಸ್ತೆಯುದ್ದಕ್ಕೂ ಸಾಲುಸಾಲು ಕಲಾವಿದರು. ಕಾಗದವನ್ನೇ ತಿರುಳಿನಿಂದ ಮಾಡಿ ಕೃತಿ ಕಟ್ಟುವ ರವಿಕುಮಾರ್ ಕಾಶಿಯವರು ಕಲೆಯ ಬಗ್ಗೆ ತಿಳಿಗನ್ನಡದಲ್ಲಿ ಬರೆಯುತ್ತಾರೆ. ಇಂಗ್ಲಿಷ್ ಕ್ಯಾಟಲಾಗುಗಳ ಭಾಷೆಗೆ ಬೆದರಿದವರು ಅವರನ್ನು ಓದಬೇಕು.

ಗೋಡೆಗೊಂದು ಚಿತ್ರ

ಕೊಳ್ಳುವುದು ಶ್ರೀಮಂತರ ಮಾತು ಎಂದುಕೊಳ್ಳಬೇಡಿ. ಒಬ್ಬರದೇ ಕೆಲಸಗಳಲ್ಲಿ ಕಾಗದದ ಮೇಲಿನದಕ್ಕೆ ಸಾಮಾನ್ಯವಾಗಿ ಕ್ಯಾನ್ವಾಸಿಗಿಂತ ಬೆಲೆ ಕಡಿಮೆ. ಜಹಾಂಗೀರ್ ಎದುರಿನ ಫುಟ್‌ಪಾತಿನಲ್ಲೇ ಕಲಾವಿದರು ಸಣ್ಣ ಚಿತ್ರಗಳನ್ನು ಇಟ್ಟುಕೊಂಡು ಕೂತಿರುತ್ತಾರೆ. ಜೆ.ಜೆ. ಶಾಲೆಯ ವಾರ್ಷಿಕ ಪ್ರದರ್ಶನದಲ್ಲಿ ನಾಳಿನ ಹೆಸರುಗಳು ಇಂದೇ ಸಿಗುತ್ತವೆ. ಕೊಳ್ಳುವಾಗ ಯಾವ ಕಾಗದ, ಯಾವ ಬಣ್ಣ, ಯಾವ ವರ್ಷ ಎಂದು ಕೇಳಿ, ಸಹಿ ಇದೆಯೇ ನೋಡಿ, ರಸೀದಿ ಪಡೆಯಿರಿ. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್ ಹಾಕಿಸಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ತೇವ ಎಳೆಯುವ ಗೋಡೆಯಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಒಳಗೋಡೆಯೇ ಕ್ಷೇಮ.

ಕೊಳ್ಳದಿದ್ದರೂ ಅಡ್ಡಿಯಿಲ್ಲ. ಇಡೀ ಪ್ರದರ್ಶನ ನೋಡಲೇಬೇಕೆಂಬ ನಿಯಮವೂ ಇಲ್ಲ. ಒಂದು ಸುತ್ತು ಹಾಕಿ, ಕಣ್ಣು ಹಿಡಿದು ನಿಲ್ಲಿಸಿದ ಒಂದೇ ಚಿತ್ರದ ಮುಂದೆ ಐದು ನಿಮಿಷ ನಿಲ್ಲಿ. ಕಲಾವಿದರು ಅಲ್ಲಿದ್ದರೆ ಮಾತಾಡಿಸಿ. ಬಾಗಿಲ ಬಳಿ ಮೇಜಿನ ಮೇಲೆ ಒಂದು ಸಂದರ್ಶಕರ ಪುಸ್ತಕ, ಪಕ್ಕದಲ್ಲಿ ಪೆನ್ನು ಇರುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಅವರು ಅದನ್ನು ಒಂದೊಂದೇ ಸಾಲು ಓದುತ್ತಾರೆ. ನಿಮಗೆ ಕಂಡದ್ದನ್ನು ಅದರಲ್ಲಿ ಎರಡು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ.