ಜೊತೆಯಲ್ಲಿ ಬಂದ ಮೂಕಜೀವ

ಮಹಾಭಾರತದ ಮಹಾಪ್ರಸ್ಥಾನ ಪರ್ವದಲ್ಲಿ ಧರ್ಮರಾಯನನ್ನು ಕೊನೆಯವರೆಗೂ ಹಿಂಬಾಲಿಸಿದುದು ಒಂದು ನಾಯಿ. ಅದನ್ನು ತೊರೆದರೆ ಮಾತ್ರ ಸ್ವರ್ಗವೆಂದು ಇಂದ್ರನು ಹೇಳಿದಾಗ, ನಂಬಿದ ಜೀವವನ್ನು ಬಿಟ್ಟು ಪಡೆಯುವ ಸ್ವರ್ಗವೇ ತನಗೆ ಬೇಡವೆಂದನು ಧರ್ಮರಾಯ.

ಇಂತಹ ಪರೀಕ್ಷೆ ನಮ್ಮ ಕಾಲದ ಕೆಲವು ಎಳೆಯರಿಗೂ ಒದಗಿತು. 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ರಷ್ಯಾದ ಆಕ್ರಮಣ ಆರಂಭವಾಗಿ ವಿಮಾನ ಸಂಚಾರ ನಿಂತುಹೋಯಿತು. ಅಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಬಸ್ಸಿನಲ್ಲಿ, ರೈಲಿನಲ್ಲಿ, ಕೆಲವೆಡೆ ಕಾಲ್ನಡಿಗೆಯಲ್ಲಿ ನೆರೆದೇಶಗಳ ಗಡಿಗಳತ್ತ ಹೊರಟರು. ಅವರಲ್ಲಿ ಕೆಲವರು ತಾವು ಸಾಕಿದ ಪ್ರಾಣಿಗಳನ್ನು ಬಿಟ್ಟು ಬರಲೊಪ್ಪಲಿಲ್ಲ. ಕೇರಳದ ವಿದ್ಯಾರ್ಥಿನಿಯೊಬ್ಬಳು ತನ್ನ ಹಸ್ಕಿ ಮರಿಯೊಡನೆ ಬಸ್ಸಿನಲ್ಲಿ ರುಮೇನಿಯಾದ ಗಡಿಯ ಸಮೀಪಕ್ಕೆ ಬಂದು, ಉಳಿದ ಹಲವು ಕಿಲೋಮೀಟರುಗಳನ್ನು ಚಳಿಯಲ್ಲಿ ನಡೆದೇ ಕ್ರಮಿಸಿದಳು. ಮರಿ ದಣಿದಾಗ ಎತ್ತಿಕೊಂಡಳು.

ವಿದೇಶದಿಂದ ನಾಯಿಯನ್ನು ತರಲು ರೇಬೀಸ್ ಲಸಿಕೆಯ ದಾಖಲೆ, ಆರೋಗ್ಯ ಪ್ರಮಾಣಪತ್ರ, ಸರ್ಕಾರದ ನಿರಾಕ್ಷೇಪಣಾ ಪತ್ರ ಇವೆಲ್ಲವೂ ಬೇಕು. ಆ ಸಂಕಟದ ಸಮಯದಲ್ಲಿ ಭಾರತ ಸರ್ಕಾರವು ಒಂದು ಬಾರಿಗೆಂದು ನಿಯಮಗಳನ್ನು ಸಡಿಲಿಸಿತು. ಆದರೆ ನಿಯಮಗಳ ಹಿಂದಿರುವ ಕಾರಣವನ್ನು ಯಾರೂ ಮರೆಯಬಾರದು. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಅತಿ ವಿರಳ; ಸಕಾಲದ ಲಸಿಕೆಯೊಂದೇ ರಕ್ಷಣೆ.

ಅಷ್ಟು ಕಠಿನವಾದ ಯಾತ್ರೆ ಎಲ್ಲರ ಪಾಲಿಗೂ ಬರುವುದಿಲ್ಲ. ಆದರೆ ವರ್ಗವಾಗಿಯೋ ಉದ್ಯೋಗಕ್ಕಾಗಿಯೋ ಚೆನ್ನೈಗೆ ಬಂದ ಕನ್ನಡ ಕುಟುಂಬಗಳು, ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟ ನಾಯಿಯನ್ನು ಮೋಟಾರಿನಲ್ಲಿ ಕರೆತರುವುದು ಅಪರೂಪವಲ್ಲ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರುಗಳನ್ನು ಹಾದು ಎಗ್ಮೋರಿಗೆ ಸುಮಾರು 350 ಕಿಲೋಮೀಟರುಗಳ ಹಾದಿ. ಬೇಸಗೆಯಲ್ಲಿ ಈ ಹಾದಿ ಕಾದ ಕಾವಲಿಯಂತಿರುತ್ತದೆ.

ಇಲ್ಲಿ ನಾಯಿಯ ಪರಮಶತ್ರು ಸೆಖೆ. ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ. ಬಾಯ್ತೆರೆದು ಏದುಸಿರು ಬಿಡುವುದೇ ಅದರ ಮುಖ್ಯ ಉಪಾಯ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ಬೆರಳಗಲ ತೆರೆದಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ನಾಯಿಯ ಸಹಜ ದೇಹೋಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105ನ್ನು ದಾಟಿದರೆ ಪ್ರಾಣಕ್ಕೇ ಅಪಾಯ. ಮಿತಿಮೀರಿದ ಏದುಸಿರು, ಜೊಲ್ಲು, ತೂರಾಟ, ವಾಂತಿ ಕಂಡುಬಂದರೆ ಕೂಡಲೇ ನೆರಳಿಗೊಯ್ದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ, ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಪಗ್‌ನಂತಹ ಮೊಂಡು ಮೂತಿಯ ನಾಯಿಗಳಿಗೂ ಹಸ್ಕಿಯಂತಹ ದಟ್ಟ ರೋಮದ ನಾಯಿಗಳಿಗೂ ಅಪಾಯ ಹೆಚ್ಚು.

ಆದುದರಿಂದ ಪಯಣವನ್ನು ನಸುಕಿನಲ್ಲೇ ಆರಂಭಿಸುವುದು ಲೇಸು. ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲು ಅಲ್ಪಾಹಾರ ಸಾಕು. ಹೊಟ್ಟೆ ತುಂಬಿದ್ದರೆ ವಾಂತಿಯಾಗುವ ಸಂಭವವಿದೆ. ಎರಡು ಮೂರು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ನೀರು ಕೊಡಬೇಕು. ಬಾಗಿಲು ತೆರೆಯುವ ಮುನ್ನವೇ ಕೊರಳಪಟ್ಟಿಗೆ ಹಗ್ಗವಿರಲಿ. ಅಪರಿಚಿತ ಹೆದ್ದಾರಿಯಲ್ಲಿ ಬೆದರಿ ಓಡಿದ ನಾಯಿ ಮರಳಿ ಸಿಗುವುದು ದುರ್ಲಭ. ಮನುಷ್ಯರ ಜ್ವರದ, ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಬಾರದು. ಅವುಗಳಲ್ಲಿ ಹಲವು ನಾಯಿಗೆ ವಿಷಪ್ರಾಯ. ಮನೆ ಸೇರಿದೊಡನೆ ಕಿವಿ, ಬೆರಳ ಸಂದುಗಳಲ್ಲಿ ಉಣ್ಣೆಗಳಿವೆಯೇ ಎಂದು ನೋಡುವುದು ಒಳಿತು.

ಬೆದರಿದ ಸಾಕುನಾಯಿಯೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣತಕ್ಕದ್ದು. ಅರಿಸಿನ, ಸುಣ್ಣ ಮೆತ್ತುವುದು ಸಲ್ಲದು.

ಎಗ್ಮೋರಿನವರಿಗೆ ಒಂದು ಭಾಗ್ಯವಿದೆ. 1903ರಲ್ಲಿ ಸ್ಥಾಪಿತವಾದ ಮದ್ರಾಸ್ ಪಶುವೈದ್ಯ ಕಾಲೇಜು ನೆರೆಯ ವೇಪೇರಿಯಲ್ಲೇ ಇದೆ. ದೂರದಿಂದ ಬಂದ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ಲಸಿಕೆಯ ಪುಸ್ತಕವನ್ನು ಸರಿಪಡಿಸಿಕೊಂಡರೆ ಮನೆಯ ಮಕ್ಕಳಿಗೂ ನೆರೆಹೊರೆಗೂ ನಿಶ್ಚಿಂತೆ.

ಬಾಯಾರಿಕೆಯಾಯಿತೆಂದು, ತಲೆ ಸುತ್ತುತ್ತಿದೆಯೆಂದು ಆ ಜೀವ ಹೇಳಲಾರದು, ಜೊತೆಯವರೇ ಅರಿಯಬೇಕು. ಧರ್ಮರಾಯನ ಬೆನ್ನು ಹತ್ತಿದ ನಾಯಿ ಕಡೆಯಲ್ಲಿ ಧರ್ಮದೇವತೆಯಾಗಿ ತೋರಿಕೊಂಡಿತಂತೆ. ಮನೆಗೆ ಕರೆತಂದ ನಾಯಿಯೂ ಹಾಗೆಯೇ, ತನ್ನವರ ಧರ್ಮವನ್ನು ದಾರಿಯುದ್ದಕ್ಕೂ ಮೌನವಾಗಿ ಪರೀಕ್ಷಿಸುತ್ತಿರುತ್ತದೆ.